ವಾಕ್ಯದ ಜೊತೆಗೆ ಒಂದಿಷ್ಟು ಗಂಜಿ

ನಮ್ಮ ಸಭೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ಬರುತ್ತಿದ್ದದ್ದು ಜನ, ಅವರ ಕೈಯಲ್ಲಿ ಬಾಳೆಹಣ್ಣು, ಹೊರಡುವ ಮುಂಚೆ ಬೈಬಲಿನ ಒಂದು ವಾಕ್ಯ. ವಾಟ್ಸ್‌ಆ್ಯಪ್ ಬಂದ ಮೇಲೆ ಜನ ಕಡಿಮೆಯಾದರು, ಬಾಳೆಹಣ್ಣು ನಿಂತೇ ಹೋಯಿತು, ವಾಕ್ಯ ಮಾತ್ರ ವಿಪರೀತ ಹೆಚ್ಚಿತು. ಕೋಳಿ ಕೂಗುವ ಮೊದಲೇ ಸೂರ್ಯೋದಯದ ಚಿತ್ರದ ಮೇಲೆ ಹಳದಿ ಅಕ್ಷರದಲ್ಲಿ ಒಂದು ವಾಕ್ಯ ಬರುತ್ತದೆ. ಅದರ ಕೆಳಗೆ ಸಾಲಾಗಿ ಆಮೆನ್, ಆಮೆನ್. ಒಮ್ಮೆ ನಮ್ಮ ಸೆಕ್ರೆಟರಿಯವರು ಪಂಪು ಸುಟ್ಟುಹೋಗಿದೆ, ಭಾನುವಾರ ನೀರಿರುವುದಿಲ್ಲ ಎಂದು ಗುಂಪಿಗೆ ತಿಳಿಸಿದರು. ಅದಕ್ಕೂ ಐದಾರು ಮಂದಿ ಭಕ್ತಿಯಿಂದ ಆಮೆನ್ ಹೇಳಿದ್ದರು.

ಗೇಲಿ ಮಾಡುವುದು ಸುಲಭ. ನಡುರಾತ್ರಿ ಯಾರದೋ ಹೆರಿಗೆಗೆ ರಕ್ತ ಬೇಕಾದಾಗ ಇದೇ ಗುಂಪಿನ ಹುಡುಗರು ಬೈಕು ಹತ್ತಿ ಹೊರಟದ್ದೂ ಉಂಟು. ಮೊಬೈಲಿನ ಮೇಲೆ ನನಗೆ ದ್ವೇಷವಿಲ್ಲ. ಆದರೂ ಸಮಾಧಾನ ಹೇಳುವ ಕಲೆಯಲ್ಲಿ ನನ್ನ ದೊಡ್ಡಮ್ಮನನ್ನು ಮೀರಿಸುವ ಆ್ಯಪ್ ಇನ್ನೂ ಬಂದಿಲ್ಲ.

ದೊಡ್ಡಮ್ಮನದು ವೈರಿನ ಬುಟ್ಟಿ. ಅದರಲ್ಲಿ ಒಂದು ತೂಕುಪಾತ್ರೆ ಗಂಜಿ, ಸಣ್ಣ ಬಾಟಲಿಯಲ್ಲಿ ಮಿಡಿ ಉಪ್ಪಿನಕಾಯಿ, ತಳದಲ್ಲಿ ಬಟ್ಟೆ ಸುತ್ತಿದ ಬೈಬಲು. ಜ್ವರ ಬಂದವರ ಮನೆಗೆ ಹೋದರೆ ಆಕೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಸೀದಾ ಅಡುಗೆಮನೆ ಹೊಕ್ಕು, ಸೆರಗು ಸಿಕ್ಕಿಸಿ, ನಿನ್ನೆಯ ಪಾತ್ರೆಗಳನ್ನೆಲ್ಲ ತೊಳೆದು ಕವುಚಿ, ಆಮೇಲೆ ಕೈ ಒರೆಸಿಕೊಂಡು ಪ್ರಾರ್ಥನೆಗೆ ನಿಲ್ಲುತ್ತಿದ್ದಳು. ಆ ಪ್ರಾರ್ಥನೆಯೂ ಎರಡೇ ಮಾತಿನದು. ಇಷ್ಟು ಚಿಕ್ಕದಾದರೆ ಹೇಗೆ ಎಂದು ಸ್ತ್ರೀ ಸಮಾಜದ ಒಬ್ಬರು ಆಕ್ಷೇಪಿಸಿದಾಗ ದೊಡ್ಡಮ್ಮ ಹೇಳಿದ್ದು: "ದೇವರಿಗೆ ಎಲ್ಲ ಗೊತ್ತುಂಟು ಮಾರಾಯ್ತಿ. ಇವಳ ಮನೆಯಲ್ಲಿ ಪಾತ್ರೆ ರಾಶಿ ಬಿದ್ದದ್ದು ನಿಮಗೆ ಗೊತ್ತುಂಟಾ?"

ದೊಡ್ಡಮ್ಮ ದೈವಶಾಸ್ತ್ರ ಓದಿದವಳಲ್ಲ. ಆದರೆ ಶಾಸ್ತ್ರ ಆಕೆಯ ಪಕ್ಷದಲ್ಲೇ ಇದೆ. ಎಲೀಯನು ಸಾಕಪ್ಪಾ ಸಾಕು ಎಂದು ಜಾಲಿಗಿಡದ ಕೆಳಗೆ ಮಲಗಿಬಿಟ್ಟಾಗ ದೇವದೂತನು ಬಂದು ಉಪದೇಶ ಮಾಡಲಿಲ್ಲ; ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ನಿದ್ದೆ ಮಾಡಲು ಬಿಟ್ಟ. ಸಭೆಗಳಿಗೆಲ್ಲ ಧೈರ್ಯ ತುಂಬುತ್ತಿದ್ದ ಪೌಲನೂ ಸೆರೆಯಲ್ಲಿ ಕೂತು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಬೇಡಿದ್ದು ಏನನ್ನು? ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ಬೇಕು, ಪುಸ್ತಕಗಳು ಬೇಕು, ಚಳಿಗಾಲಕ್ಕೆ ಮುಂಚೆ ನೀನೂ ಬರಬೇಕು ಎಂದು. ಇನ್ನು ಯೋಬನ ಗೆಳೆಯರು. ಪಾಪ, ಅವರನ್ನು ನಾವು ಬರೀ ಬೈಯುತ್ತೇವೆ. ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಅವರಂಥ ಗೆಳೆಯರಿಲ್ಲ. ಎಂಟನೆಯ ದಿನ ಬಾಯಿ ತೆರೆದರು, ಕೆಟ್ಟಿತು.

ಆ ಎಂಟನೆಯ ದಿನದ ವಂಶಸ್ಥರು ಈಗಲೂ ಆಸ್ಪತ್ರೆಗೆ ಬರುತ್ತಾರೆ. "ನಮ್ಮ ಭಾವನಿಗೂ ಹೀಗೇ ಶುರುವಾದದ್ದು" ಎಂದು ಆರಂಭಿಸಿ, ಭಾವನ ಮಣ್ಣಿನವರೆಗೆ ಕತೆ ಹೇಳಿ, "ನೀವು ಮಾತ್ರ ಧೈರ್ಯವಾಗಿರಿ" ಎಂದು ಮುಗಿಸುತ್ತಾರೆ. ರೋಗಿ ಮಗ್ಗುಲು ಬದಲಿಸುತ್ತಾನೆ.

ನಮ್ಮ ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳಿಗೆ ದೊಡ್ಡಮ್ಮನ ರೀತಿಯ ಕೈಯಾಸರೆ ಹೊಸದೇನಲ್ಲ. ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಷನ್ ಎಂದರೆ ಎಲ್ಲರೂ 1843ರ 'ಮಂಗಳೂರ ಸಮಾಚಾರ'ವನ್ನು, 1894ರ ಕಿಟ್ಟೆಲ್ ನಿಘಂಟನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಹೊಸ ಮತಕ್ಕೆ ಬಂದು ಜಾತಿ, ಮನೆ, ಕಸುಬು ಎಲ್ಲವನ್ನೂ ಕಳೆದುಕೊಂಡು ನಿಂತವರಿಗೆ ನಿಘಂಟಿನಿಂದ ಹೊಟ್ಟೆ ತುಂಬುವ ಹಾಗಿರಲಿಲ್ಲ. ಅವರಿಗೆ ಕೂಲಿ ಕೊಟ್ಟದ್ದು ಮಗ್ಗ, ಮತ್ತು 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ. ನೆಂಟರು ಕೈಬಿಟ್ಟವರಿಗೆ ಪಕ್ಕದ ಬೆಂಚಿನವರೇ ನೆಂಟರಾದರು. ಬಾಣಂತನಕ್ಕೂ ಅವರೇ, ಹೆಣ ಹೊರುವುದಕ್ಕೂ ಅವರೇ.

ಅದರ ಒಂದು ಎಳೆ ಸುಗ್ಗಿ ಹಬ್ಬದ ಏಲಂನಲ್ಲಿ ಇನ್ನೂ ಉಳಿದಿದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬಾಳೆಗೊನೆ, ಹಲಸು, ಕಾಲು ಕಟ್ಟಿದ ಹುಂಜ ಎಲ್ಲ ಸಾಲಾಗಿ ಇರುತ್ತವೆ. ಕೂಗುವವರು ನಮ್ಮ ಕ್ವಾಯರಿನ ಬೇಸ್ ಧ್ವನಿಯವರು. ಅವರಿಗೆ ಮೈಕು ಬೇಡ. ಒಂದು ವರ್ಷ ಗಂಡನಿಲ್ಲದ ಒಬ್ಬ ಅಜ್ಜಿ ಬಚ್ಚಲ ಹಿಂದೆ ಬೆಳೆದ ಒಂದು ಕಟ್ಟು ಬಸಳೆ ತಂದು, ನಾಚಿಕೆಯಿಂದ ಹಲಸಿನ ಹಿಂದೆ ಇಟ್ಟಿದ್ದರು. ನಿವೃತ್ತ ಬ್ಯಾಂಕಿನವರೊಬ್ಬರು ಐವತ್ತು ಎಂದರು. ದುಬೈಯಿಂದ ರಜೆಗೆ ಬಂದವನು ನೂರು ಎಂದ. ಮುನ್ನೂರಕ್ಕೆ ಗೆದ್ದವರು ಬಸಳೆಯನ್ನು ಮನೆಗೆ ಒಯ್ಯಲಿಲ್ಲ, "ಮತ್ತೆ ಕೂಗಿ" ಎಂದು ತಿರುಗಿ ಕೊಟ್ಟರು. ಹೀಗೆ ಬಸಳೆ ಕೈಯಿಂದ ಕೈಗೆ ಹೋಗಿ, ಬಾಡಿ ಸೊಪ್ಪಾಗುವ ಹೊತ್ತಿಗೆ ಹುಂಜದ ಬೆಲೆಯನ್ನು ದಾಟಿತ್ತು. ಹುಂಜ ತಂದವರ ಮುಖ ಸ್ವಲ್ಪ ಸಣ್ಣದಾಯಿತು. ಅಜ್ಜಿ ಮಾತ್ರ ಆ ದಿನ ಊಟದ ಸಾಲಿನಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಂತಿದ್ದರು. ಯಾರೂ ಆಕೆಗೆ ಸಹಾಯ ಮಾಡಿರಲಿಲ್ಲ. ಆಕೆಯೇ ದೇವಾಲಯಕ್ಕೆ ಸಹಾಯ ಮಾಡಿದ್ದರು. ಒಬ್ಬರ ಮರ್ಯಾದೆ ಉಳಿಸಿ ಧೈರ್ಯ ತುಂಬುವ ಉಪಾಯ ಇದಕ್ಕಿಂತ ಚೆನ್ನಾಗಿ ಯಾವ ಪ್ರಸಂಗದಲ್ಲೂ ಕೇಳಿಲ್ಲ.

ಪ್ರಸಂಗ ಎಂದಾಗ ನಮ್ಮ ಪಾದ್ರಿ ಅಯ್ಯನವರ ನೆನಪಾಯಿತು. ಎಲ್ಲರಿಗೂ ಧೈರ್ಯ ಹೇಳುವ ಅವರಿಗೆ ಧೈರ್ಯ ಹೇಳುವವರು ಯಾರು? ಬಾಗಿಲಲ್ಲಿ ಕೈಕುಲುಕಿ "ಪ್ರಸಂಗ ಚೆನ್ನಾಗಿತ್ತು ಅಯ್ಯನವರೇ" ಎನ್ನುವುದು ನಮ್ಮ ವಾಡಿಕೆ. ಗೊರಕೆ ಹೊಡೆದವರೂ ಹೇಳುತ್ತಾರೆ. ಬುಧವಾರ ಎದುರು ಸಿಕ್ಕಾಗ "ಆವತ್ತು ನೀವು ಹೇಳಿದ ಇಂಥ ಮಾತು ಮನೆಯಲ್ಲಿ ಜಗಳ ನಿಲ್ಲಿಸಿತು" ಎಂದು ನೋಡಿ. ಆ ಮನುಷ್ಯ ಒಂದು ತಿಂಗಳು ಹುರುಪಿನಿಂದ ಓಡಾಡುತ್ತಾರೆ.

ಈಗ ನಮ್ಮ ಮಕ್ಕಳೆಲ್ಲ ಬೆಂಗಳೂರು, ದುಬೈ. ಹಂಚಿನ ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರು ಮುದುಕರು, ಕೆಲವೆಡೆ ಒಬ್ಬರೇ. ದೊಡ್ಡಮ್ಮ ಹೋದ ಮೇಲೆ ಆ ವೈರಿನ ಬುಟ್ಟಿ ಯಾರ ಪಾಲಿಗೂ ಬರಲಿಲ್ಲ, ಕೇಳಿದವರೂ ಇಲ್ಲ. ಸಾವಿನ ಮನೆಗೆ ನಾವು ಇಂದಿಗೂ ತಪ್ಪದೆ ಹೋಗುತ್ತೇವೆ. ಅಂಗಳ ತುಂಬುತ್ತದೆ, ಕುರ್ಚಿ ಸಾಲುವುದಿಲ್ಲ. ಕಷ್ಟ ಇರುವುದು ತಿಂಗಳ ನಂತರ: ಶಾಮಿಯಾನ ಬಿಚ್ಚಿದ ಮೇಲೆ, ಪಿಂಚಣಿಯ ಅರ್ಜಿ ತುಂಬುವಾಗ, ಗಂಡನ ಜೊತೆ ಕೂರುತ್ತಿದ್ದ ಬೆಂಚಿಗೆ ಮೊದಲ ಭಾನುವಾರ ಒಬ್ಬಳೇ ಬಂದು ನಿಂತಾಗ.

ಆದ್ದರಿಂದ ನನ್ನದೊಂದು ಬಿನ್ನಹ. ಬೆಳಗಿನ ವಾಕ್ಯ ಕಳುಹಿಸಿ, ಬೇಡವೆನ್ನುವುದಿಲ್ಲ. ಆದರೆ ವಾರಕ್ಕೊಬ್ಬರ ಮನೆಗೆ ಹೋಗಿ. ಅರ್ಜಿ ತುಂಬಿಕೊಡಿ, ಮಾತ್ರೆ ತಂದುಕೊಡಿ, ಒಂಟಿಯಾಗಿ ಬಂದವರ ಪಕ್ಕದಲ್ಲಿ ಕೂತು ಹಾಡಿನ ಪುಸ್ತಕ ಹಂಚಿಕೊಳ್ಳಿ. ಹೇಳಲು ಮಾತು ತೋಚದಿದ್ದರೆ ಸುಮ್ಮನಿರಿ. ಸಿಂಕಿನಲ್ಲಿ ಪಾತ್ರೆಗಳಿದ್ದೇ ಇರುತ್ತವೆ. ಮತ್ತು ದಯವಿಟ್ಟು, ಭಾವನ ಕತೆ ಮಾತ್ರ ಹೇಳಬೇಡಿ.