ಅತ್ತೆಯ ಸಹಿ

ಬಾಗಲೂರಿನಲ್ಲಿ ನಮ್ಮತ್ತೆಯನ್ನು ಹೆಸರು ಹಿಡಿದು ಕರೆಯುವವರು ಈಗ ಹೆಚ್ಚು ಜನ ಉಳಿದಿಲ್ಲ. ಎಲ್ಲರಿಗೂ ಅವರು ಡ್ರಿಲ್ ಮೇಡಂ. ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರಾಗಿದ್ದವರು, ಖೋ-ಖೋ ಆಟಗಾರ್ತಿ, ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ "ಟೈಮ್ ಆಗ್ಲಿಲ್ಲ ಕಣಮ್ಮ" ಅನ್ನುತ್ತಿದ್ದರು. ನಿಜವೇ ಇರಬೇಕು. ಕೋಳಿ ಕೂಗುವ ಹೊತ್ತಿಗೆದ್ದು ಹಾಲು ಕರೆದು ಡೇರಿಗೆ ಹಾಕಿ, ಟಿವಿಎಸ್ ಫಿಫ್ಟಿ ಹತ್ತಿ ಶಾಲೆಗೆ ಹೋಗಿ, ಸಂಜೆ ಹುಡುಗಿಯರಿಗೆ ಆಟ ಕಲಿಸಿ, ಕತ್ತಲಾದ ಮೇಲೆ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದ ಹೆಂಗಸಿಗೆ ಟೈಮ್ ಎಲ್ಲಿತ್ತು?

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ವಯಸ್ಸಿಗೆ ಬಂದ ಹುಡುಗಿ ಚಡ್ಡಿ ತೊಟ್ಟು ಬಯಲಲ್ಲಿ ಓಡುವುದೆಂದರೆ ಮನೆಯ ಮರ್ಯಾದೆಯ ಪ್ರಶ್ನೆ. ತಾತ ಊಟ ಬಿಟ್ಟು ಕೂತರಂತೆ. ಅತ್ತೆಯೂ ಊಟ ಬಿಟ್ಟರಂತೆ. ಕೊನೆಗೆ ಸೋತವರು ತಾತ. 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಕ್ರಿಕೆಟ್ ಟೆಸ್ಟನ್ನು ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನಲ್ಲೇ ಆಡಿದರು. ನಾಯಕಿ ಶಾಂತಾ ರಂಗಸ್ವಾಮಿಯವರನ್ನು ನೋಡಬೇಕೆಂದು ಅತ್ತೆ ಮನೆಯಲ್ಲಿ ಹೇಳದೆ ಬಸ್ಸು ಹಿಡಿದು ಹೋಗಿದ್ದರು. ಆಮೇಲೆ ಶಾಂತಾ ಕೆನರಾ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೇರಿದ್ದನ್ನು ನಮಗೆಲ್ಲ ಹೇಳುತ್ತಿದ್ದರು. ರನ್ನಿನ ಲೆಕ್ಕಕ್ಕಿಂತ ಆ ಸಂಬಳದ ಲೆಕ್ಕ ಅವರಿಗೆ ಮುಖ್ಯವಾಗಿತ್ತು. "ಆಡೋ ಹುಡುಗಿ ಅನ್ನಕ್ಕೆ ಯಾರ ಮುಂದೆಯೂ ನಿಲ್ಲಬಾರದು" ಅನ್ನುತ್ತಿದ್ದರು.

ಅತ್ತೆ ನಿಲ್ಲಲೂ ಇಲ್ಲ. ನಮ್ಮಪ್ಪನ ಬೋರ್‌ವೆಲ್ ಸಾಲ ತೀರಿದ್ದು ಅವರ ಸಂಬಳದಲ್ಲಿ. ಚಿಕ್ಕಪ್ಪನ ಮದುವೆಗೆ ಪಿಎಫ್‌ನಿಂದ ಸಾಲ ತೆಗೆದರು. ನನ್ನ ಇಂಜಿನಿಯರಿಂಗ್ ಫೀಸಿನ ರಸೀದಿಗಳಲ್ಲಿ ನಮ್ಮಪ್ಪನ ಹೆಸರಿದೆ, ದುಡ್ಡು ಅತ್ತೆಯದು. ಆಟದಲ್ಲಿ ಮಾತ್ರ ಅವರಿಗೆ ಮನೆಯವರು, ಹೊರಗಿನವರು ಅಂತ ಇರಲಿಲ್ಲ. ಖೋ-ಖೋದಲ್ಲಿ ಅಟ್ಟುವವರು ಕೂತವರನ್ನು ಬೆನ್ನ ಹಿಂದಿನಿಂದ ಕೈಯಿಂದ ಮುಟ್ಟಿ 'ಖೋ' ಅನ್ನಬೇಕು. ಬರೀ ಬಾಯಲ್ಲಿ ಕೂಗಿ ಎಬ್ಬಿಸಿದರೆ ಫೌಲು. ಊರ ಹಬ್ಬದ ಪಂದ್ಯದಲ್ಲಿ ನಾನು ಹಾಗೆ ಮಾಡಿದಾಗ ಅಂಪೈರಾಗಿದ್ದ ಅತ್ತೆ ಸೀಟಿ ಊದಿ ನನ್ನನ್ನು ತಿರುಗಿ ಕಳಿಸಿದ್ದರು. "ಮುಟ್ಟಿಲ್ಲ ಕಣ್ಲಾ ನೀನು" ಅಂತ ಇಡೀ ಊರಿಗೆ ಕೇಳುವ ಹಾಗೆ ಹೇಳಿದ್ದರು.

ಇನ್ನು ಜಮೀನಿನ ಮಾತು. ನಮ್ಮದು ರಾಗಿ ಹೊಲ, ಒಂದಿಷ್ಟು ನೀಲಿ ದ್ರಾಕ್ಷಿ. ತಾತ ತೀರಿಕೊಂಡ ಮೇಲೂ ಪಾಲಾಗಿರಲಿಲ್ಲ, ಪಹಣಿ ಒಟ್ಟಿನಲ್ಲೇ ಇತ್ತು. 2005ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದ ಕೆಲಸ ಶುರುವಾದದ್ದೇ ತಡ, ಬಾಗಲೂರಿನ ಟೀ ಅಂಗಡಿಗಳಲ್ಲಿ ಮಳೆ, ಬೆಳೆಯ ಮಾತು ನಿಂತು ಚದರಡಿಯ ಮಾತು ಶುರುವಾಯಿತು. ನಮ್ಮ ಮನೆಗೂ ಕೊಳ್ಳುವವರು ಬಂದರು. ಕಾಗದಪತ್ರ ನೋಡಿದ ವಕೀಲರು, ಮನೆಯ ಹೆಣ್ಣುಮಗಳ ಸಹಿ ಬೇಕೇ ಬೇಕು ಅಂದರು.

ಯಾಕೆ ಬೇಕು ಅನ್ನುವುದನ್ನೂ ಅವರು ಅಂದೇ ಹೇಳಿದ್ದರು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು. ಆ ತಾರೀಖಿಗೆ ಮುಂಚೆ ಮದುವೆಯಾದವರಿಗೆ ಮಾತ್ರ ಆ ಕಾಯ್ದೆಯಲ್ಲಿ ಅದು ಸಿಗುತ್ತಿರಲಿಲ್ಲ. ಅವರನ್ನೂ ಒಳಗೊಂಡದ್ದು 2005ರ ಕೇಂದ್ರ ತಿದ್ದುಪಡಿ. ಮದುವೆಯೇ ಆಗದ ಅತ್ತೆಗೆ ಎರಡು ಲೆಕ್ಕದಲ್ಲೂ ಪಾಲಿತ್ತು. ಮೂರು ಜನ ಮಕ್ಕಳಲ್ಲಿ ಮೂರನೆಯವರು ಅವರು.

ಮನೆಯಲ್ಲಿ ಯಾರೂ ಅತ್ತೆಯನ್ನು ದೂರಲಿಲ್ಲ. "ಅವಳಿಗೆ ಸಂಬಳ ಇದೆ, ಪೆನ್ಷನ್ ಬರುತ್ತೆ, ಹಿಂದೆ ಮುಂದೆ ಯಾರಿಲ್ಲ, ಎಲ್ಲಾ ಈ ಮಕ್ಕಳಿಗೇ ತಾನೇ" ಅಂದರು. ನನಗೂ ಅದು ಸರಿಯೆನಿಸಿತು. ಅತ್ತೆಗೆ ನಾನೆಂದರೆ ಜೀವ ಅಂತ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಆ ಕೆಲಸ ನನ್ನ ಪಾಲಿಗೆ ಬಂತು. ಹೊಸ ಬೈಕಿನ ಹಿಂದೆ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದೆ.

ಹಕ್ಕು ಬಿಡುಗಡೆ ಪತ್ರ ಟೈಪಾಗಿ ಸಿದ್ಧವಿತ್ತು. ನಮ್ಮ ಕಡೆಯ ವಾಡಿಕೆಯಂತೆ ಅರಿಶಿನ ಕುಂಕುಮದ ಬಾಬ್ತು ಅಂತ ಸಣ್ಣ ಮೊತ್ತವೊಂದನ್ನು ಅದರಲ್ಲಿ ಬರೆದಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದರು. ಎರಡನೆಯದನ್ನು ತಿರುಗಿಸುವ ಮುಂಚೆ ತಲೆಯೆತ್ತಿ, "ಏನ್ಲಾ ಇದು?" ಅಂದರು.

"ಏನಿಲ್ಲ ಅತ್ತೆ, ಬರೀ ಫಾರ್ಮಾಲಿಟಿ" ಅಂದೆ ನಾನು.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಓದುವುದನ್ನು ನಿಲ್ಲಿಸಿ ತೋರಿಸಿದ ಕಡೆಯೆಲ್ಲ ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ವಾಪಸ್ಸು ಬರುವಾಗ ದಾರಿಯಲ್ಲಿ ನನಗೆ ಎಳನೀರು ಕುಡಿಸಿದವರೂ ಅವರೇ.

ಜಮೀನು ಹೋಯಿತು. ಅಪ್ಪ ಮನೆ ಕಟ್ಟಿಸಿದರು, ಚಿಕ್ಕಪ್ಪ ಸೈಟು ಕೊಂಡರು, ನಾನು ಫ್ಲ್ಯಾಟ್ ತೆಗೆದುಕೊಂಡೆ. ಅತ್ತೆ ನಮ್ಮ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಉಳಿದರು. ನನ್ನ ಮಗಳು ಶಾಲೆಗೆ ಸೇರಿದಾಗ ಮೊದಲ ಫೀಸನ್ನು ತಮ್ಮ ಪೆನ್ಷನ್ನಿನಲ್ಲಿ ಕಟ್ಟಿದರು. ನಾನು ಬೇಡವೆನ್ನಲಿಲ್ಲ. ಈಗ ನೆನೆದರೆ ಸಹಿಗಿಂತ ಅದೇ ಹೆಚ್ಚು ನೋಯಿಸುತ್ತದೆ.

2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಅಂತ ತೀರ್ಪು ಕೊಟ್ಟಿತು. ಪೇಪರಿನಲ್ಲಿ ಅದನ್ನು ಓದುತ್ತಿದ್ದಾಗ ನನ್ನ ಬಾಯಿಂದ ಬಂದಿದ್ದ 'ಫಾರ್ಮಾಲಿಟಿ' ಅನ್ನುವ ಮಾತು ಹಾಗೆಯೇ ಕಿವಿಗೆ ಬಿತ್ತು. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು. ಕೇಳುವ ಧೈರ್ಯವಾಗಲಿಲ್ಲ. ವರ್ಷಗಟ್ಟಲೆ ಆಗಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆಯಿತು. ಫೈನಲಿನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78–40ರಿಂದ ಸೋಲಿಸಿದರು. ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಅತ್ತೆ ಟಿವಿ ಮುಂದೆ ಮಂಡಿನೋವು ಮರೆತು ಎದ್ದೆದ್ದು ನಿಲ್ಲುತ್ತಿದ್ದರು. "ಹಳ್ಳಿ ಹುಡುಗಿ ನೋಡ್ಲಾ, ಊರಲ್ಲೊಂದು ಅಂಕಣ ಇದ್ರೆ ಸಾಕು" ಅಂದರು. ಆಮೇಲೆ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, "ಐದಾರು ಗುಂಟೆ ಜಾಗ" ಅಂದರು.

ಆಗ ಕೇಳಿದೆ. "ಅತ್ತೆ, ಅವತ್ತು ನಿಮಗೆ ಪಾಲಿತ್ತು ಅಂತ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕಾನೂನು ಬಂದ ವರ್ಷವೇ ಟೀಚರ್‌ಗಳೆಲ್ಲ ಮಾತಾಡ್ಕೊಂಡಿದ್ವಿ. ಕೆರೆ ಕಡೆ ಮೂಲೇಲಿ ಹುಡುಗೀರಿಗೆ ಒಂದು ಅಂಕಣ ಮಾಡಿಸೋಣ ಅಂತಿದ್ದೆ. ಮಿಕ್ಕಿದ್ದು ನಿಮಗೇ."

ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತಲ ಜಾಗವೂ ಸೇರಿ ಆರು ಗುಂಟೆ ದಾಟುವುದಿಲ್ಲ. ಅಷ್ಟನ್ನು ಬಿಟ್ಟು ಮಾರಿದ್ದರೂ ನಮ್ಮ ಯಾರ ಮನೆಯೂ ತಪ್ಪುತ್ತಿರಲಿಲ್ಲ.

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ನೀನು ಕೇಳಿದ್ರೆ ನಾನೇ ಕೊಡ್ತಿದ್ದೆ ಮಗಾ. ನೀನು ಕೇಳ್ಲಿಲ್ಲ, ಫಾರ್ಮಾಲಿಟಿ ಅಂದೆ. ಅಲ್ಲಿ ಅಷ್ಟು ಜನರ ಮುಂದೆ ನಿನ್ನ ಮಾತು ಸುಳ್ಳು ಅಂತ ನಾನು ಹೆಂಗೆ ಅನ್ಲಿ?"

ಊರೆಲ್ಲ ನೋಡುತ್ತಿದ್ದಾಗಲೂ ನನಗೆ ಫೌಲು ಕೊಟ್ಟಿದ್ದ ಹೆಂಗಸು, ತಮ್ಮ ಪಾಲೇ ಹೋಗುವಾಗ ನನ್ನ ಮಾನ ಕಾಯಲು ಸುಮ್ಮನಾಗಿದ್ದರು. ಅವರು ಕೊಡುವವರು ಅಂತ ಗೊತ್ತಿದ್ದೇ ನಾನು ಕೇಳದೆ ಹೋದೆ. ಕೇಳಿದ್ದರೆ ಅದು ಅವರ ಕೊಡುಗೆಯಾಗುತ್ತಿತ್ತು. ನಾನು ಅದನ್ನು ಕಳವು ಮಾಡಿಬಿಟ್ಟೆ.

ಕ್ಷಮಿಸಿ ಅಂದಾಗ ಅತ್ತೆ ಟಿವಿಯ ಸದ್ದು ತಗ್ಗಿಸಿ, ಊಟಕ್ಕೆ ಏಳು ಅಂದರು. ಕ್ಷಮಿಸಿದೆ ಅನ್ನಲಿಲ್ಲ. ಕೆರೆ ಕಡೆಯ ಆ ಮೂಲೆಯಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ.

ನಿಮ್ಮ ಮನೆಯಲ್ಲೂ ಅಕ್ಕ, ತಂಗಿ, ಅತ್ತೆಯರ ಸಹಿ ಬೇಕಾಗಿ ಬಂದೀತು. ಪತ್ರದ ಕರಡನ್ನು ಮೊದಲೇ ಅವರ ಕೈಗೆ ಕೊಡಿ. ಯಾವ ಸರ್ವೆ ನಂಬರು, ಅವರ ಪಾಲು ಎಷ್ಟು ಗುಂಟೆ, ಇವತ್ತಿನ ಬೆಲೆ ಏನು ಅಂತ ಕೂರಿಸಿಕೊಂಡು ಹೇಳಿ. ಬೇಡ ಅನ್ನುವುದಾದರೆ ಅವರೇ ಅನ್ನಲಿ.