ಸ್ಪೀಕರಿನ ಹಿಂದೆ ನಿಂತವರು

ಗೋವಾಕ್ಕೆ ದುಡಿಯಲು ಹೋದವರು ರನ್ನ ಬೆಳಗಲಿಗೆ ಮರಳುವಾಗ ತರುತ್ತಿದ್ದ ಸಾಮಾನು ಹೆಚ್ಚೂಕಡಿಮೆ ಒಂದೇ ಬಗೆಯದು. ಗೋಡಂಬಿ, ಮಕ್ಕಳಿಗೆ ಬಣ್ಣದ ಟೋಪಿ, ಯಾರೋ ಪರದೇಶಿ ಬಿಟ್ಟುಹೋದ ಬನಿಯನ್ನು. ಘಟಪ್ರಭೆಯ ನೀರು ಮುಟ್ಟಿದ ಹೊಲದವರಿಗೆ ಕಬ್ಬಿತ್ತು. ಮುಟ್ಟದವರಿಗೆ ಗೋವಾ ಇತ್ತು. ಖಾನಾಪುರ, ರಾಮನಗರ ದಾಟಿ ಅನಮೋಡ ಘಾಟು ಇಳಿದರೆ ಗಾರೆ ಕೆಲಸ, ರಸ್ತೆ ಕೆಲಸ, ಬಂದರಿನ ಹಮಾಲಿ. ವಾಸ್ಕೋದ ಬೈನಾದಲ್ಲಿ ಇಳಿದವನಿಗೆ ಕೊಂಕಣಿ ಬರಬೇಕಾಗಿರಲಿಲ್ಲ, ವಿಜಾಪುರದ ಕನ್ನಡ ಸಾಕಾಗುತ್ತಿತ್ತು. ಅಂಜುನಾದ ಬುಧವಾರದ ಸಂತೆಯಲ್ಲಿ ಕನ್ನಡಿ ಕೂರಿಸಿದ ಚೀಲ ಮಾರುವ ಲಂಬಾಣಿ ಹೆಣ್ಣುಮಕ್ಕಳು ನಮ್ಮ ಸುತ್ತಲಿನ ತಾಂಡಾಗಳವರೇ.

ಬಾಗಲಕೋಟೆ ಜಿಲ್ಲೆಯಾದ ವರ್ಷ, ಅಂದರೆ 1997ರಲ್ಲಿ, ನಮ್ಮ ಖಾಲಾನ ಮಗ ತಂದದ್ದು ಒಂದು ಕ್ಯಾಸೆಟ್ಟು. ನಮಗಿಂತ ನಾಲ್ಕಾರು ವರ್ಷ ದೊಡ್ಡವನು, ನಾವೆಲ್ಲ ಅವನನ್ನು ಭಾಯಿ ಎನ್ನುತ್ತಿದ್ದೆವು. ಅಂಜುನಾ, ವಾಗಾತೋರ್ ಕಡೆ ರಾತ್ರಿ ಪಾರ್ಟಿಗಳಿಗೆ ಸ್ಪೀಕರ್ ಪೆಟ್ಟಿಗೆ ಹೊರುವುದು, ವೈರು ಎಳೆಯುವುದು, ಜನರೇಟರಿಗೆ ಡೀಸೆಲ್ ಹಾಕುವುದು ಅವನ ಕೆಲಸ. ಕ್ಯಾಸೆಟ್ಟಿನ ಮೇಲೆ ಹೆಸರಿರಲಿಲ್ಲ. ನಮ್ಮ ಟೇಪ್ ರೆಕಾರ್ಡರಿಗೆ ಹಾಕಿದಾಗ ಅಡಿಗೆಮನೆಯಿಂದ ಅಮ್ಮಿ ಹೊರಗೆ ಬಂದು, "ಯೇ ಕ್ಯಾ ರೇ, ಗಿರಣಿ ಕೂ ಬುಖಾರ್ ಆಯಾ ಕ್ಯಾ?" ಎಂದು ಕೇಳಿದರು. ಹಿಟ್ಟಿನ ಗಿರಣಿಗೆ ಜ್ವರ ಬಂತೇನು ಎಂದು. ಆ ಸಂಗೀತದ ಬಗ್ಗೆ ಆಮೇಲೆ ನಾವು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಹತ್ತಿರ ಬಂದಿಲ್ಲ.

ಹೆಸರು ಗೊತ್ತಾದದ್ದು ಎಷ್ಟೋ ವರ್ಷದ ನಂತರ, ಮೊಬೈಲಿನಲ್ಲಿ ಹುಡುಕಿ ಕೇಳುವ ಕಾಲ ಬಂದಾಗ. 'ಟ್ವಿಸ್ಟೆಡ್' ಎಂಬ ಆಲ್ಬಮ್, 1995ರಲ್ಲಿ ಇಂಗ್ಲೆಂಡಿನ ಡ್ರ್ಯಾಗನ್‌ಫ್ಲೈ ಕಂಪನಿಯಿಂದ ಬಂದದ್ದು. ಮಾಡಿದವನು ಸೈಮನ್ ಪೋಸ್ಫರ್ಡ್. ಆಗಿನ್ನೂ ಇಪ್ಪತ್ತರ ಹರೆಯ ದಾಟದ, ಬೇರೆಯವರ ಸ್ಟುಡಿಯೋದಲ್ಲಿ ಇಂಜಿನಿಯರ್ ಆಗಿದ್ದ ಹುಡುಗ. ಇಟ್ಟುಕೊಂಡ ಹೆಸರು ಹ್ಯಾಲ್ಯೂಸಿನೋಜೆನ್, ಭ್ರಮೆ ಹುಟ್ಟಿಸುವ ವಸ್ತು ಎಂದರ್ಥ. ಒಂದು ಹಾಡಿಗೆ ಎಲ್‌ಎಸ್‌ಡಿ ಎಂದೇ ಹೆಸರು. ನಶೆಯ ಆ ಗುರುತನ್ನು ಮುಚ್ಚಿಟ್ಟು ಈ ಸಂಗೀತವನ್ನು ಹೊಗಳುವುದು ಸರಿಯಲ್ಲ. ಆ ಗುಳಿಗೆ, ಆ ಕಾಗದದ ಚೂರು ಎಷ್ಟೋ ಮಕ್ಕಳ ಬುದ್ಧಿ ಕೆಡಿಸಿದ್ದೂ ನಿಜ. ಆದರೆ ನಾವು ಕೇಳಿದ್ದು ಅಮ್ಮಿ ಕೊಟ್ಟ ಚಹಾ ಕುಡಿಯುತ್ತ.

ಹಾಡುವವರೇ ಇಲ್ಲದ ಹಾಡು. ಕೆಳಗೆ ಒಂದು ಗುದ್ದು, ನಿಮಿಷಕ್ಕೆ 140ರ ಆಸುಪಾಸು, ತಪ್ಪದೆ, ತಡವರಿಸದೆ. ಅದರ ಮೇಲೆ ಹಾವಿನ ಹಾಗೆ ನುಲಿಯುವ ದನಿ: ಮೊದಲು ಗಂಟಲು ಕಟ್ಟಿದಂತೆ, ಆಮೇಲೆ ಬಾಯಿ ತೆರೆದಂತೆ, ಕೊನೆಗೆ ಕಿರಿಚಿದಂತೆ. ಈ ನುಲಿತದ ಹಿಂದಿರುವುದು ಒಂದು ಸರಳ ಉಪಾಯ. ಯಂತ್ರ ಹುಟ್ಟಿಸುವ ಒರಟು ದನಿಯನ್ನು ಒಂದು ಜರಡಿಯ ಮೂಲಕ ಹಾಯಿಸುತ್ತಾರೆ; ಮೇಲಿನ ಕಂಪನಗಳನ್ನು ಆ ಜರಡಿ ತಡೆಯುತ್ತದೆ. ಗುಂಡಿ ತಿರುಗಿಸಿದಂತೆ ಜರಡಿಯ ಕಣ್ಣು ತೆರೆಯುತ್ತದೆ, ಮುಚ್ಚುತ್ತದೆ. ಕಣ್ಣು ಕೊನೆಯಾಗುವ ಅಂಚಿನಲ್ಲಿ ದನಿಯನ್ನು ಉಬ್ಬಿಸಿದರೆ ಈ ಕೂಗು ಬರುತ್ತದೆ. ಇದಕ್ಕೆ ಹೆಸರಾದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ. 1980ರ ದಶಕದ ಆರಂಭದಲ್ಲಿ ಬಂದ ಅದು ಬಾಸ್ ಗಿಟಾರ್ ನುಡಿಸುವವನ ಬದಲಿಗೆಂದು ಮಾಡಿದ್ದು. ಆ ಕೆಲಸಕ್ಕೆ ಬಾರದೆ ಸೋತು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿತ್ತು. ಅದನ್ನೆತ್ತಿಕೊಂಡ ಶಿಕಾಗೋದ ಕರಿಯ ಹುಡುಗರು 1987ರಲ್ಲಿ ಗುಂಡಿಗಳನ್ನು ಅಡ್ಡಾದಿಡ್ಡಿ ತಿರುಗಿಸಿ ಹೊಸ ಸಂಗೀತವನ್ನೇ ಹುಟ್ಟಿಸಿದರು. ಅವರಿಗಿಂತ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ ಇದೇ ಪೆಟ್ಟಿಗೆಯನ್ನೂ ಬಳಸಿ ಲಲಿತ್, ತೋಡಿ, ಯಮನ್, ಮಾಲಕಂಸ್ ಎಂದು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದ್ದರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಪರದೇಶದಲ್ಲಿ ಮತ್ತೆ ಅಚ್ಚಾಗಿ ಬಂದಾಗ ಲೋಕ ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು.

ನಮಗೆ ಹಿಡಿಸಿದ್ದು 'ಟ್ವಿಸ್ಟೆಡ್'ನ ಹಸಿತನ. ಈಚೆಗೆ ಬರುವ ಇಂಥ ಸಂಗೀತ ನುಣ್ಣಗೆ ಉಜ್ಜಿ ಹೊಳಪು ಕೊಟ್ಟಂತಿರುತ್ತದೆ. ಇದರಲ್ಲಿ ಯಾರೋ ಒಬ್ಬ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದಾನೆ ಎಂಬುದು ಗೊತ್ತಾಗುತ್ತದೆ.

ಗೋವಾದ ಕಡಲತಡಿಗೆ 1960ರ ದಶಕದ ಕೊನೆಯಿಂದ ಹಿಪ್ಪಿಗಳು ಬಂದರು. ಮೊದಲು ಗಿಟಾರು, ರಾಕು. 1980ರ ದಶಕದಲ್ಲಿ ಯಂತ್ರದ ಸಂಗೀತ. ಅಮೆರಿಕದಿಂದ ಬಂದು ಇಲ್ಲಿಯೇ ಉಳಿದ ಗೋವಾ ಗಿಲ್ ಎಂಬಾತ ಇಡೀ ರಾತ್ರಿ ನುಡಿಸಿ ಮಂದಿಯನ್ನು ಬೆಳಗಿಗೆ ದಾಟಿಸುತ್ತಿದ್ದ. 2023ರಲ್ಲಿ ಗೋವಾದಲ್ಲಿಯೇ ಸತ್ತ. ಲಾರೆಂಟ್ ಎಂಬ ಫ್ರೆಂಚಿನವನು ಹಾಡುಗಳಿಂದ ಮಾತನ್ನೆಲ್ಲ ಕತ್ತರಿಸಿ ಬರೀ ತಾಳವನ್ನು ಉಳಿಸಿಕೊಂಡು ಜೋಡಿಸುತ್ತಿದ್ದನಂತೆ. ಬಿಸಿಲಿಗೆ ಗ್ರಾಮಫೋನ್ ತಟ್ಟೆ ಸೊಟ್ಟಗಾಗುತ್ತಿದ್ದುದರಿಂದ ಟೇಪುಗಳ ಮೇಲೆಯೇ ಎಲ್ಲ ನಡೆಯಿತು. ಪೋಸ್ಫರ್ಡನ ಸಂಗೀತ ಇಂಗ್ಲೆಂಡಿನಲ್ಲಿ ತಯಾರಾದದ್ದಾದರೂ ಅದರ ಬಸಿರು ಇಲ್ಲಿಯದು. ಇದೇ ಮಂದಿ ಮುಂದೆ ನಮ್ಮ ಗೋಕರ್ಣಕ್ಕೂ, ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಗೂ ಬಂದರು. ಗಡ್ಡೆಯ ಕಟ್ಟಡಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020ರಲ್ಲಿ ಕೆಡವಲಾಯಿತು.

ಅದರ ಸ್ವರ ನಮಗೆ ಹೊಸತಾಗಿರಲಿಲ್ಲ ಎಂಬುದೇ ಸೋಜಿಗ. ಈ ಬಗೆಯ ಸಂಗೀತದಲ್ಲಿ ಷಡ್ಜದ ಪಕ್ಕದಲ್ಲಿ ಕೋಮಲ ರಿಷಭ ಬಂದು ಕೂರುತ್ತದೆ. ಪಾಶ್ಚಾತ್ಯರು ಫ್ರಿಜಿಯನ್ ಎನ್ನುವ ಸ್ವರಸಾಲು ನಮ್ಮ ಭೈರವಿ ಥಾಟು. ಅದರಲ್ಲಿ ಗಾಂಧಾರವನ್ನು ಶುದ್ಧ ಮಾಡಿದರೆ ಅರಬರ ಹಿಜಾಜ್, ಹಿಂದೂಸ್ತಾನಿಯ ಬಸಂತ್ ಮುಖಾರಿ. ಎಷ್ಟೋ ಕಡೆ ಅಜಾನಿನ ಧಾಟಿಯೂ ಹಿಜಾಜ್‌ನದೇ. ನಮ್ಮದು ಬೆಳಿಗ್ಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ ಕಂಡ ಕಿವಿ. ಹುಬ್ಬಳ್ಳಿ-ಧಾರವಾಡದ ಗಾಳಿಯಲ್ಲಿ ಅಬ್ದುಲ್ ಕರೀಂ ಖಾನರ ಕಿರಾಣಾ ಬೆರೆತಿರುವ ಸೀಮೆ. ಗಿರಣಿಯ ಜ್ವರದೊಳಗೆ ಗುರುತಿನ ಮುಖವೊಂದು ಇಣುಕಿದಂತಾಗುತ್ತಿತ್ತು.

ಟ್ರಾನ್ಸ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಮೈಮರೆವು ಎನ್ನಬಹುದು. ಆದರೆ ನಮ್ಮ ಕಡೆ ಇನ್ನೊಂದು ಮಾತಿದೆ, ಮೈತುಂಬುವುದು. ಮರೆಯುವುದು ಬರಿದಾಗುವುದು, ತುಂಬುವುದು ಇನ್ನೊಂದು ಬಂದು ಕೂರುವುದು. ಮೊಹರಂನ ಖತಲ್ ರಾತ್ರಿ ಅಲಾಯಿ ಕುಣಿಯ ಸುತ್ತ ಹಲಗಿ ಬಡಿಯುವಾಗ ಪಂಜಾ ಹಿಡಿದವನಿಗೆ ಆಗುವುದು ಎರಡನೆಯದು. ಹಿಡಿದವನು ಕೆಲವು ಊರುಗಳಲ್ಲಿ ಮುಸಲ್ಮಾನ, ಕೆಲವು ಕಡೆ ಕುರುಬ, ತಳವಾರ, ಮಾದರವನು. ಉರ್ದುವಿನಲ್ಲಿ ಹಾಲ್, ವಜ್ದ್, ಬೇಖುದಿ ಎಂದು ಒಂದೊಂದು ಮೆಟ್ಟಿಲಿಗೆ ಒಂದೊಂದು ಶಬ್ದ. ಇದೆಲ್ಲ ಸಲ್ಲದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ, ಅವರ ವಾದ ಹಗುರಾದದ್ದಲ್ಲ. ಸಮಾ ಕೇಳುವ ಬಗ್ಗೆ ಸೂಫಿಗಳೇ ಷರತ್ತು ಹಾಕಿದ್ದರು. ಬಗ್ದಾದಿನ ಜುನೈದರ ಹೆಸರಿನಲ್ಲಿ ಬಂದ ಮಾತು: ಸಮಾಕ್ಕೆ ಮೂರು ಬೇಕು, ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಸಂಗಾತಿಗಳು. ಝಮಾನ್, ಮಕಾನ್, ಇಖ್ವಾನ್.

ಅಂಜುನಾದಲ್ಲಿ ಹೊತ್ತೂ ಇತ್ತು, ಜಾಗವೂ ಇತ್ತು. ಇಖ್ವಾನ್ ಎಂದರೆ ಯಾರು ಎಂಬಲ್ಲಿ ನಮ್ಮ ತಕರಾರು. ಭಾಯಿ ಹೇಳುತ್ತಿದ್ದ: ಸ್ಪೀಕರಿನ ಮುಂದೆ ಕುಣಿಯುವವರು ನೂರಾರು, ಚಾಪೆ ಹಾಸಿ ಚಿಮಣಿ ಬೆಳಕಲ್ಲಿ ಚಹಾ ಮಾರುವ ಹೆಂಗಸರು ಆಚೆಗೆ, ಹಿಂದೆ ತಾವು ನಾಲ್ಕು ಮಂದಿ. ಮುಂದೆ ಬಂದರೆ ಗುತ್ತಿಗೆದಾರ ಬೈಯುತ್ತಿದ್ದ. ರಾತ್ರಿಯೆಲ್ಲ ಆ ಗುದ್ದನ್ನು ಬೆನ್ನಿಂದ ಕೇಳಿದವರು ಅವರು. ಈ ಸಂಗೀತದ ಚರಿತ್ರೆಯಲ್ಲಿ ಡಿಜೆಗಳ ಹೆಸರಿದೆ, ಟೇಪುಗಳ ಲೆಕ್ಕವಿದೆ, ಪೆಟ್ಟಿಗೆ ಹೊತ್ತವರ ಸುದ್ದಿಯನ್ನು ನಾವೆಲ್ಲೂ ಕಾಣಲಿಲ್ಲ. "ನಿನಗೆ ಅದು ಸೇರುತ್ತಿತ್ತೇನು ಭಾಯಿ?" ಎಂದು ಕೇಳಿದರೆ, "ನಸುಕಿನ್ಯಾಗ ಸೇರತಿತ್ತು. ನಿದ್ದಿ ಹಾರಿ, ಮೈ ಜುಮ್ಮಂದು, ಸಮುದ್ರ ಬೆಳ್ಳಗಾಗೂವಾಗ" ಎನ್ನುತ್ತಿದ್ದ. ಆಲ್ಬಮ್ ಮಾಡಿದವನಿಗೆ ಈ ಪ್ರಶಂಸೆ ಮುಟ್ಟಿಸುವ ದಾರಿ ನಮಗಿಲ್ಲ.

ಅವನು ಊರಿಗೆ ಬಂದು ನೆಲೆಸಿದ್ದು ಸಾಲ ಮಾಡಿ ಸೌಂಡ್ ಸಾಮಾನು ತಂದಮೇಲೆ. ನಮ್ಮ ಸೀಮೆಯ ಕಬ್ಬಿನ ಟ್ರ್ಯಾಕ್ಟರುಗಳ ಮೇಲೆ ಆಳೆತ್ತರದ ಸ್ಪೀಕರು ಕಟ್ಟಿ ಜಾನಪದ ಹಾಡಿಗೆ ಯಂತ್ರದ ಗುದ್ದು ಸೇರಿಸಿ ಹೊಡೆಯುವುದನ್ನು ಮುಧೋಳ-ಜಮಖಂಡಿ ರಸ್ತೆಯಲ್ಲಿ ಹೋದವರು ಕೇಳಿಯೇ ಇರುತ್ತೀರಿ. ಮದುವೆ, ಜಾತ್ರೆ, ಗಣಪತಿ, ಉರುಸು, ಎಲ್ಲಕ್ಕೂ ಅದೇ. ಮೊಹರಂಗೂ ಅವನ ಟ್ರ್ಯಾಕ್ಟರು ಬಂತು. ಹಲಗಿಯವರಿಗೆ ಕೊಡುತ್ತಿದ್ದ ದುಡ್ಡು ಡೀಸೆಲಿಗೆ ಹೋಯಿತು. ಹಲಗಿಯ ಮುದುಕ ಕಾಕಾ ಒಬ್ಬರು ನಮ್ಮ ಕಟ್ಟೆಗೆ ಬಂದು ಕೂತು, "ನಿಮ್ಮ ತಮ್ಮನ ಪೆಟಿಗಿಗೆ ದಣಿವಾಗೂದಿಲ್ಲೋ ಸಾಬ್ರ. ದಣಿವಾಗದಿದ್ದದ್ದು ಕುಣಿಸ್ತೈತಿ, ತುಂಬೂದಿಲ್ಲ" ಎಂದರು. ಭಾಯಿ ನಮಗಿಂತ ದೊಡ್ಡವನೆಂದು ತಿದ್ದುವ ಮನಸ್ಸಾಗಲಿಲ್ಲ. ಆ ಮಾತನ್ನು ಅವನಿಗೆ ಮುಟ್ಟಿಸಿದೆವು. ಅವನು, "ಕಾಕಾಗ ಖರೇ ಗೊತ್ತೈತಿ. ಆದ್ರ ಬ್ಯಾಂಕಿನವ್ರಿಗೆ ಗೊತ್ತಿಲ್ಲ" ಎಂದ.

ಅವನ ಬಲಗಿವಿ ಈಗ ಕೇಳುವುದಿಲ್ಲ. ಎಡದಲ್ಲಿ ಸದಾ ಸುಯ್ಯೆನ್ನುವ ಸದ್ದು. ಕಿವಿಯ ಒಳಗೆ ಕಂಪನ ಹಿಡಿಯುವ ಕೂದಲಿನಂಥ ಕಣಗಳಿರುತ್ತವೆ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ತಾಸು ತಾಳಬಹುದೆಂದು ಒಂದು ಲೆಕ್ಕ, ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ. 100 ಡೆಸಿಬೆಲ್ಲಿಗೆ ಬಂದರೆ ಬರೀ 15 ನಿಮಿಷ. ಅವನು ನಿಂತದ್ದು ವರ್ಷಗಟ್ಟಲೆ ರಾತ್ರಿಗಳು. ಕಿವಿಗೆ ಹಾಕಿಕೊಳ್ಳುವ ಹತ್ತಿಯನ್ನೂ ಯಾರೂ ಕೊಟ್ಟಿರಲಿಲ್ಲ. ಗುತ್ತಿಗೆದಾರನಿಗೆ ಪೆಟ್ಟಿಗೆಗಳ ಲೆಕ್ಕವಿತ್ತು.

ಕಾನೂನು ಇದ್ದದ್ದು ಬೇರೆಯವರ ನಿದ್ದೆಗಾಗಿ. 2000ದ ಶಬ್ದಮಾಲಿನ್ಯ ನಿಯಮಗಳು, 2005ರ ಸುಪ್ರೀಂ ಕೋರ್ಟಿನ ತೀರ್ಪು: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಂದ್. ಗೋವಾದ ಬಯಲು ಪಾರ್ಟಿಗಳಿಗೆ ಅದೊಂದು ದೊಡ್ಡ ಪೆಟ್ಟು. ಪಾಲೋಲೆಂ ಕಡಲತಡಿಯಲ್ಲಿ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಸದ್ದಿಲ್ಲದೆ ಕುಣಿಯುವ ಪಾರ್ಟಿಗಳೂ ಹುಟ್ಟಿದವು. ಭಾಯಿಗೆ ಹೇಳಿದರೆ ನಕ್ಕುನಕ್ಕು ಕೆಮ್ಮು ಬಂತು. ಹಾಗಾದರೆ ಪೆಟ್ಟಿಗೆ ಹೊರುವವರೇ ಬೇಡವಾಯಿತಲ್ಲ ಎಂದ.

ಕಳೆದ ಮೊಹರಂನ ಖತಲ್ ರಾತ್ರಿ ಹತ್ತಕ್ಕೆ ಪೊಲೀಸರು ಬಂದು ಟ್ರ್ಯಾಕ್ಟರ್ ನಿಲ್ಲಿಸಿದರು. ಭಾಯಿ ತಕರಾರು ಮಾಡದೆ ವೈರು ಕಿತ್ತ. ಒಂದಷ್ಟು ಹೊತ್ತು ಊರು ಗಪ್ಪಾಯಿತು, ನಾಯಿಗಳೂ ಸುಮ್ಮನಾದವು. ಆಮೇಲೆ ಕುಣಿಯ ಬೆಂಕಿಗೆ ಯಾರೋ ಹಲಗಿಯ ಚರ್ಮ ಕಾಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಸಿದರು. ಮೊದಲು ಒಂದು, ನಂತರ ಮೂರು. ಬಂದಿದ್ದ ಪೊಲೀಸಪ್ಪ ಚೊಂಗೆ ತಿನ್ನುತ್ತ ಬೇರೆ ಕಡೆ ನೋಡಿದ. ಭಾಯಿ ನಮ್ಮ ಪಕ್ಕದಲ್ಲಿ ನಿಂತು ಬೆಂಕಿಯನ್ನೇ ನೋಡುತ್ತಿದ್ದವನು, "ಚಾಲೂ ಮಾಡ್ಯಾರೇನು?" ಎಂದು ಕೇಳಿದ. ಹೌದೆಂದೆವು. ಕೇಳಿಸಲಿಲ್ಲ. ನಾವು ಸುತ್ತಿಬಂದು ಅವನ ಎಡಗಡೆಗೆ ನಿಂತೆವು.