ಮುದ್ದೆ ಕಟ್ಟೋಷ್ಟರಲ್ಲಿ ಆರು ವಿಕೆಟ್!

2024ರ ಅಕ್ಟೋಬರ್ 17. ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಮೇಲೆ ಟೆಸ್ಟ್. ಮೊದಲನೇ ದಿನ ಪೂರ್ತಿ ಮಳೆಗೆ ಹೋಗಿತ್ತು. ಎರಡು ದಿನ ರಜೆ ಹಾಕಿ, ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರು ರಾಜಘಟ್ಟದಲ್ಲಿ ಅಪ್ಪನ ಜೊತೆ ಟೀವಿ ಮುಂದೆ ಕೂತೆ. ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ್ರು. ಅಮ್ಮ ಮುದ್ದೆ ಕಟ್ಟೋಷ್ಟರಲ್ಲಿ 34ಕ್ಕೆ 6... ಕೊನೆಗೆ 46ಕ್ಕೆ ಆಲೌಟ್! ಐದು ಸೊನ್ನೆ, ಅದರಲ್ಲಿ ಒಂದು ನಮ್ಮ ರಾಹುಲ್‌ದು. ತವರಿನ ಟೆಸ್ಟ್‌ಗಳಲ್ಲೇ ಭಾರತದ ಅತಿ ಕಡಿಮೆ ಮೊತ್ತ ಸ್ವಾಮಿ.

ಮಾರನೇ ದಿನ ರಚಿನ್ ರವೀಂದ್ರ 134 ಮುಟ್ಟಿದ. ಅವನ ಅಪ್ಪ-ಅಮ್ಮ ಬೆಂಗಳೂರಿನವರು. ನಮ್ಮಪ್ಪ ಬೌಂಡರಿಗೊಂದು ಚಪ್ಪಾಳೆ! ನನಗೆ ಉರಿದುಹೋಯ್ತು. "ಇನ್ಮೇಲೆ ಟೆಸ್ಟ್ ನೋಡಲ್ಲ" ಅಂದೆ.

ಸೋತಿದ್ದಕ್ಕಲ್ಲ ಸಿಟ್ಟು. 46ಕ್ಕಾದ್ರೂ ಮಳೆ-ಮೋಡದ ನೆಪ ಇತ್ತು. ಆಮೇಲೆ ಪುಣೆ, ಮುಂಬೈನಲ್ಲಿ? ಸ್ಪಿನ್ ತಿರುಗೋ ನಮ್ಮದೇ ಪಿಚ್‌ನಲ್ಲಿ ನಾವೇ ಬಿದ್ವಿ. ಮುಂಬೈನಲ್ಲಿ 147 ಬೇಕಿದ್ದಾಗ 121. ಸರಣಿ 0-3. 2025ರ ನವೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ದಕ್ಷಿಣ ಆಫ್ರಿಕಾ ಮೇಲೆ 124 ಬೇಕಿದ್ದಾಗ 93! ಅದೇ ಬಗ್ ಎರಡನೇ ಸಲ ಬಂದ್ರೆ ನಮ್ಮ ಆಫೀಸಲ್ಲಿ ಸುಮ್ನೆ ಬಿಡ್ತಾರಾ?

ಅವತ್ತು ಅಪ್ಪ ಹೇಳಿದ್ದು ಇಷ್ಟೇ: "ಆ ಹುಡುಗ ನಿಂತು ಆಡ್ದ ಕಣೋ. ನಮ್ಮೋರಿಗೆ ನಿಲ್ಲೋಕೆ ಪುರುಸೊತ್ತೆಲ್ಲಿ?"

ಯಾಕೋ ನನಗೇ ಹೇಳಿದ ಹಾಗಿತ್ತು. ನಾನು ಊರಲ್ಲಿ ಎರಡು ದಿನ ನಿಂತು ವರ್ಷಗಳೇ ಆಗಿತ್ತು.

ಮುಂದಿನ ತವರಿನ ಟೆಸ್ಟ್‌ಗೂ ರಜೆ ಹಾಕ್ತೀನಿ. ಬೈಯೋಕಾದ್ರೂ ಜೊತೆಗೊಬ್ರು ಬೇಕಲ್ಲ... ಏನಂತೀರಾ?